ದಾರ ಕಟ್ಟಿದ ಐದು ಬದನೆ ಗಿಡ

ಬದನೆ ಗಿಡಕ್ಕೆ ಯಾರೂ ಮರ್ಯಾದೆ ಕೊಡುವುದಿಲ್ಲ. ಗುಲಾಬಿ ಹಚ್ಚಿದರೆ ಮಂದಿ ನಿಂತು ನೋಡುತ್ತಾರೆ. ಬದನೆ ಹಚ್ಚಿದರೆ ಗೋಡೆಯ ಆಚೆಯಿಂದಲೇ ಸೆರಗು ಒಡ್ಡುತ್ತಾರೆ. ನಮ್ಮ ಹಿತ್ತಲಿನಲ್ಲಿ ಗುಲಾಬಿ ಇಲ್ಲ. ಬಚ್ಚಲ ನೀರು ಹರಿಯುವ ಕಡೆ ಐದು ಬದನೆ ಗಿಡ, ಅದರಾಚೆ ಎರಡು ಮಡಿ ಮೆಂತ್ಯ, ಒಂದು ಮಡಿ ಉಳ್ಳಾಗಡ್ಡಿ, ಗೋಡೆಗೆ ಹಬ್ಬಿಸಿದ ಅವರೆ. ಇಷ್ಟೇ. ನಮ್ಮೂರು ಮೊರಬದ ಎರೆ ಮಣ್ಣು ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ, ಮಳೆಗಾಲದಲ್ಲಿ ಹಿಡಿದ ಕಾಲನ್ನು ಬಿಡುವುದಿಲ್ಲ. ನಡುವೆ ಚಳಿಯ ಮೂರು ತಿಂಗಳು ಮಾತ್ರ ಹೇಳಿದ ಮಾತು ಕೇಳುತ್ತದೆ. ನನ್ನ ತೋಟಗಾರಿಕೆಯೆಲ್ಲ ಆ ಮೂರು ತಿಂಗಳಿನದು.

ದಸರೆ ಮುಗಿದ ಮೇಲೆ ಸಸಿ ಹಚ್ಚುತ್ತೇನೆ. ಬುಡಕ್ಕೆ ಹಳೆಯ ಸಗಣಿ ಗೊಬ್ಬರ, ಎಲೆಗೆ ಒಲೆಯ ಬೂದಿ. ಹುಳ ಬಿದ್ದರೆ ಕೈಯಿಂದಲೇ ಆರಿಸಿ ಕೋಳಿಗೆ ಹಾಕುತ್ತೇನೆ. ಮಗ ಒಮ್ಮೆ ಔಷಧದ ಪಂಪು ಹೊತ್ತು ಬಂದಿದ್ದ. ಹಿತ್ತಲಿನ ಬಾಗಿಲಲ್ಲೇ ನಿಲ್ಲಿಸಿದೆ. ಅವನು ಸೊಸೈಟಿಯಲ್ಲಿ ಕಾರಕೂನ. ಕಾಗದದ ಮೇಲೆ ಗೊಬ್ಬರ ಹಂಚುವವನಿಗೆ ಗಿಡದ ಸಂಗತಿ ಏನು ಗೊತ್ತು?

ಆ ಐದು ಗಿಡ ಯಲ್ಲಮ್ಮನವು. ಇದು ನಾನು ಮಾಡಿದ ಪದ್ಧತಿಯಲ್ಲ. ನಮ್ಮ ಅತ್ತೆಗೆ ಅವರ ಅತ್ತೆ ಹೇಳಿದ್ದು. ಮಾಘದ ಭಾರತ ಹುಣ್ಣಿಮೆಗೆ ಸವದತ್ತಿಯ ಗುಡ್ಡಕ್ಕೆ ನಡೆದೇ ಹೋಗಬೇಕು. ಅಲ್ಲಿ ಮೂರು ಕಲ್ಲು ಹೂಡಿ ಅಡುಗೆ ಮಾಡಿ ಪಡ್ಡಲಗಿ ತುಂಬಬೇಕು. ಪಡ್ಡಲಗಿ ಎಂದರೆ ದೇವಿಯ ಎಡೆ ಇಡುವ ಬಿದಿರಿನ ಬುಟ್ಟಿ. ಹೋಳಿಗೆ, ಕಡುಬಿನ ಬಾಜು ಅದರಲ್ಲಿ ನಮ್ಮ ಹಿತ್ತಲಿನ ಬದನೆಕಾಯಿ ಇರಬೇಕು. ಹುಣ್ಣಿಮೆಗೆ ಹನ್ನೆರಡು ದಿನ ಇರುವಾಗ ಗಿಡದ ದೊಡ್ಡ ಕಾಯಿಗಳನ್ನೆಲ್ಲ ಕೊಯ್ದು, ಶೇಂಗಾ ಬೀಜದಷ್ಟಿರುವ ಹೀಚು ಮಾತ್ರ ಬಿಟ್ಟು, ಬುಡಕ್ಕೆ ಅರಿಷಿಣದ ದಾರ ಕಟ್ಟುತ್ತೇನೆ. ಅಂದಿನಿಂದ ಅವು ಮೀಸಲು. ದೇವಿಗೆ ಮುಟ್ಟುವ ತನಕ ಮನೆಯವರು ಕೊಯ್ಯುವಂತಿಲ್ಲ, ರುಚಿ ನೋಡುವಂತಿಲ್ಲ. ದಿನ ಎಣಿಸಿ ಸರಿಯಾಗಿ ಕಟ್ಟಿದರೆ ಹೊರಡುವ ಹೊತ್ತಿಗೆ ಕಾಯಿ ಮುಷ್ಟಿಯಲ್ಲಿ ಹಿಡಿಯುವಷ್ಟಾಗಿ, ತೊಟ್ಟಿನ ಮುಳ್ಳು ಇನ್ನೂ ಎಳೆಯದಿರುತ್ತದೆ. ಒಂದು ದಿನ ಹೆಚ್ಚಾದರೆ ಬೀಜ ಬಲಿಯುತ್ತದೆ, ಒಂದು ದಿನ ಕಡಿಮೆಯಾದರೆ ಬುಟ್ಟಿ ಬಡವಾಗಿ ಕಾಣುತ್ತದೆ. ನಾನು ಓದಿದವಳಲ್ಲ. ಆದರೆ ಈ ಎಣಿಕೆ ಒಂದು ವರ್ಷವೂ ತಪ್ಪಿಲ್ಲ.

ನಡಿಗೆಯೂ ತಪ್ಪಿರಲಿಲ್ಲ. ಎರಡು ದಿನದ ಹಾದಿ. ಮೊದಲು ನಾವು ಹೆಂಗಸರೇ ಹೋಗುತ್ತಿದ್ದೆವು. ಆರೇಳು ಮಂದಿ, ತಲೆಯ ಮೇಲೆ ಬುತ್ತಿ, ಕಂಕುಳಲ್ಲಿ ಬುಟ್ಟಿ. ಹೊಲದಲ್ಲಿ ಜೋಳದ ತೆನೆ ಬಾಗಿರುತ್ತಿತ್ತು, ಕಡಲೆ ಗಿಡ ಕಿತ್ತು ತಿನ್ನುತ್ತ ನಡೆದರೆ ದಾರಿ ಸವೆದದ್ದೇ ಗೊತ್ತಾಗುತ್ತಿರಲಿಲ್ಲ. ನಾಲ್ಕು ವರ್ಷದ ಹಿಂದೆ ಊರಿನ ಗಂಡಸರಿಗೆ ಭಕ್ತಿ ಬಂತು. ಒಂದು ಸಮಿತಿ ಮಾಡಿಕೊಂಡರು. ಬ್ಯಾನರು, ಟೆಂಪೋ, ಟೆಂಪೋದ ಮೇಲೆ ಸ್ಪೀಕರು, ಎಲ್ಲರಿಗೂ ಒಂದೇ ಬಣ್ಣದ ಅಂಗಿ. ನಮ್ಮ ಓಣಿಯ ಕಿರಾಣಿ ಅಂಗಡಿಯವನೇ ಅದಕ್ಕೆ ಮುಖಂಡ. ನಾವು ನಡೆದ ದಾರಿಯಲ್ಲಿ ಅವರು ನಡೆದರು, ಆಮೇಲೆ ದಾರಿ ಅವರದೇ ಆಯಿತು. ಎಲ್ಲಿ ನೀರು ಕುಡಿಯಬೇಕು, ಎಲ್ಲಿ ಕೂಡಬೇಕು, ಎಲ್ಲಿ ದೇವಿಗೆ ಉಧೋ ಅನ್ನಬೇಕು, ಎಲ್ಲವನ್ನೂ ಪೀಪಿ ಊದಿ ಹೇಳತೊಡಗಿದರು.

ಹೋದ ವರ್ಷ ನಾನು ಕೂತೆ. ಅದನ್ನು ಮುಚ್ಚಿಡುವುದಿಲ್ಲ. ಎರಡನೆಯ ದಿನ ಕಾಲುವೆ ದಂಡೆಯ ಬೇವಿನ ಗಿಡದ ಬುಡದಲ್ಲಿ ಮೊಣಕಾಲು ಹಿಡಿದುಕೊಂಡಿತು. ಒಂದು ರೊಟ್ಟಿ ತಿನ್ನುವಷ್ಟು ಹೊತ್ತು ಕೂತು, ಎದ್ದು, ನಡೆದು ಗುಡ್ಡ ಹತ್ತಿದೆ. ಗುಡ್ಡ ಹತ್ತಿದ್ದನ್ನು ಯಾರೂ ನೋಡಲಿಲ್ಲ. ಕೂತದ್ದನ್ನು ಅಂಗಡಿಯವನು ಫೋಟೋ ತೆಗೆದ. ಬಾಯಿ ತೆರೆದು, ಸೆರಗು ಜಾರಿ, ಕಾಲು ಚಾಚಿ ಕೂತ ಮುದುಕಿ. ನಾನು ಗುಡ್ಡ ಮುಟ್ಟುವ ಮೊದಲೇ ಆ ಫೋಟೋ ಹುಬ್ಬಳ್ಳಿಯಲ್ಲಿರುವ ನನ್ನ ಮಗಳನ್ನು ಮುಟ್ಟಿತ್ತು. ಅವಳು ಅಳುತ್ತ ಮನೆಗೆ ಫೋನು ಮಾಡಿದಳಂತೆ. ಯಾರು ಸತ್ತರೆಂದು ಅತ್ತಳೋ ಕಾಣೆ.

ಈ ವರ್ಷ ಹೊರಡುವುದಕ್ಕೆ ಇನ್ನು ಮೂರು ದಿನವಿದ್ದಾಗ, ಮಂಗಳವಾರ, ಓಣಿಯ ಹೆಂಗಸರು ಬಾಜು ಮನೆಯಲ್ಲಿ ಕೂಡಿ ಕಟಕ ರೊಟ್ಟಿ ಬಡಿಯುತ್ತಿದ್ದೆವು. ಜೋಳದ ರೊಟ್ಟಿಯನ್ನು ತೆಳ್ಳಗೆ ಬಡಿದು ಒಲೆಯ ಬಾಜು ನಿಲ್ಲಿಸಿ ಒಣಗಿಸಿದರೆ ತಿಂಗಳಾದರೂ ಕೆಡುವುದಿಲ್ಲ. ಸಮಿತಿಯ ಎಲ್ಲರಿಗೂ ರೊಟ್ಟಿ ಬೇಕಿತ್ತು. ನನ್ನ ಪಾಲಿಗೆ ನೂರು ಹೇಳಿದ್ದರು. ಬಡಿದು ಬಡಿದು ಅಂಗೈ ಕೆಂಪಗಾಗಿತ್ತು. ಬಾಜು ಮನೆಯವಳು ನನ್ನ ಓರಗೆಯವಳು, ನಾನು ಈ ಊರಿಗೆ ಸೊಸೆಯಾಗಿ ಬಂದಾಗಿನಿಂದ ಗುಡ್ಡಕ್ಕೆ ನನ್ನ ಜೊತೆಗಾತಿ. ಅಂದು ಅವಳ ಮಾತೇ ಕಡಿಮೆಯಾಗಿತ್ತು. ಹಿಟ್ಟಿನ ಮೇಲೆ ಕಣ್ಣಿಟ್ಟುಕೊಂಡೇ ಇದ್ದಳು. ಯಾಕೆಂದು ನನಗೆ ಹೊಳೆಯಲಿಲ್ಲ.

ಮಧ್ಯಾಹ್ನ ರೊಟ್ಟಿಯ ಬುಟ್ಟಿ ಹೊತ್ತು ಮನೆಗೆ ಬಂದರೆ ಪಡಸಾಲೆಯಲ್ಲಿ ಅಂಗಡಿಯವನೂ ಸಮಿತಿಯ ಇನ್ನು ಮೂವರೂ ಸಾಲಾಗಿ ಉಣ್ಣಲು ಕೂತಿದ್ದರು. ಮಗ ನಿಂತು ನೀರು ಕೊಡುತ್ತಿದ್ದ. ಸೊಸೆ ಬಡಿಸುತ್ತಿದ್ದಳು.

“ಬರ್ರಿ ಆಯಿ, ಬರ್ರಿ. ನಿಮ್ಮ ಮನಿಗೆ ನಿಮ್ಮನ್ನ ಬರ್ರಿ ಅನ್ನೂ ಹಂಗಾತು ನೋಡ್ರಿ,” ಎಂದು ಅಂಗಡಿಯವನು ನಕ್ಕ. “ನಿಮ್ಮ ಸುದ್ದೀನ ನಡದಿತ್ತು.”

“ಏನಂತ?”

“ಈ ವರ್ಷ ಅರವತ್ತೈದು ದಾಟಿದವರೆಲ್ಲಾ ಟೆಂಪೋದಾಗ ಬರೂದು. ಸಮಿತಿ ಠರಾವು ಮಾಡೈತ್ರಿ. ಹಿರ್‍ಯಾರಿಗೆ ತ್ರಾಸ ಆಗಬಾರದು.”

“ಅರವತ್ತೈದು ಯಾರಿಗಾಗ್ಯಾವು?”

“ನಿಮಗ ಎಪ್ಪತ್ತೊಂದ್ರಿ ಆಯಿ. ಕಾರ್ಡಿನಾಗ ಐತಿ.”

ಕಾರ್ಡಿನ ಕಥೆ ನನಗೆ ಗೊತ್ತು. ಬರೆಯುವವನು ಹುಟ್ಟಿದ ದಿನ ಕೇಳಿದ. ನಾನು, ಹಿರಿಯ ಕೆರೆ ಒಡೆದ ವರ್ಷ ಎಂದೆ. ಅವನು ನನ್ನ ಮುಖ ನೋಡಿ ಒಂದು ಅಂಕಿ ಹಾಕಿದ. ನಮ್ಮ ಓಣಿಯ ಮುದುಕಿಯರೆಲ್ಲ ಜನವರಿ ಒಂದರಂದೇ ಹುಟ್ಟಿದವರು. ಅಷ್ಟೊಂದು ಹೆರಿಗೆ ಒಂದೇ ದಿನ ಆಗಿದ್ದರೆ ಊರಿನ ಸೂಲಗಿತ್ತಿ ಅಂದೇ ಬಿದ್ದು ಸಾಯುತ್ತಿದ್ದಳು. ಆ ಅಂಕಿ ಹಿಡಿದುಕೊಂಡು ಇವರು ನನ್ನ ಕಾಲು ಅಳೆಯಲು ಬಂದಿದ್ದರು.

“ಟೆಂಪೋದಾಗ ಏನೇನ್ ಹೇರತೀರಿ?” ಎಂದೆ.

“ರೊಟ್ಟಿ ಚೀಲ, ನೀರಿನ ಕ್ಯಾನು, ಒಲಿ, ಸಿಲಿಂಡರು…”

“ಅದರ ಮ್ಯಾಲೆ ನಾನು. ಹೌದಲ್ಲೋ ತಮ್ಮಾ? ನೂರು ರೊಟ್ಟಿ ಬಡಿಯೂ ಮುಂದ ನನ್ನ ವಯಸ್ಸು ಕೇಳಲಿಲ್ಲ ನಿಮ್ಮ ಠರಾವು.”

ಅವನು ತುತ್ತು ಬಾಯಿಗಿಟ್ಟು, “ಆಯಿ ಮಾತಿಗೆ ತಡಾ ಇಲ್ಲ ಬಿಡ್ರಿ,” ಎಂದ. “ಆದ್ರ ಎಣ್ಣಿಗಾಯಿ ಅಗದಿ ಭಾರಿ ಆಗ್ಯಾವು. ಇಂಥಾ ಬದನಿಕಾಯಿ ಪ್ಯಾಟ್ಯಾಗ ಸಿಗಂಗಿಲ್ಲ.”

ಆಗ ತಟ್ಟೆ ನೋಡಿದೆ. ತಟ್ಟೆಯ ಅಂಚಿನಲ್ಲಿ ಬದನೆ ತೊಟ್ಟುಗಳ ಗುಂಪೆ. ಹಸಿರು, ಎಳೆ ಮುಳ್ಳಿನ ತೊಟ್ಟು. ನಾಲ್ಕು ತಟ್ಟೆಗೂ ಇದ್ದವು. ನೆಟ್ಟಗೆ ಹಿತ್ತಲಿಗೆ ಹೋದೆ. ಐದು ಗಿಡಕ್ಕೂ ದಾರ ಕಟ್ಟಿದಂತೆಯೇ ಇತ್ತು, ಕಾಯಿ ಒಂದೂ ಇರಲಿಲ್ಲ. ಕುಡಗೋಲಿನಿಂದ ನೀಟಾಗಿ ಕೊಯ್ದಿದ್ದರು. ಮೂರು ದಿನ ತಡೆದಿದ್ದರೆ ಅವು ಗುಡ್ಡಕ್ಕೆ ಹೊರಡುತ್ತಿದ್ದವು. ಇನ್ನು ಮೂರು ದಿನದಲ್ಲಿ ಬೇರೆ ಕಾಯಿ ಬಿಡು ಎಂದರೆ ಗಿಡ ಬಿಡುತ್ತದೆಯೇ?

ಸೊಸೆ ಬೆನ್ನ ಹಿಂದೆಯೇ ಬಂದಿದ್ದಳು. ಒಳ್ಳೆಯವಳು. ಒಂದು ದಿನ ಎದುರು ಮಾತಾಡಿದವಳಲ್ಲ.

“ದಾರ ಕಾಣಲಿಲ್ಲೇನವಾ?” ಎಂದೆ.

“ಕಂಡಿತ್ರಿ ಅತ್ತಿ,” ಎಂದಳು. “ಈ ಸಲ ನೀವು ನಡದು ಹೋಗಂಗಿಲ್ಲ ಅಂತ ನಮ್ಮ ಮನಿಯವರು ಸಂಕ್ರಮಣದಾಗನ ಅಂದಿದ್ರು. ಪಡ್ಡಲಗೀನೂ ಸಮಿತಿಯವರದ ಒಂದ ಅಂದ್ರು. ನಡಿಯೂದ ಇಲ್ಲ ಅಂದಮ್ಯಾಲೆ ಮೀಸಲ ಎಲ್ಲೀದು ಅಂತ… ಮನಿಗೆ ಮಂದಿ ಬಂದಿದ್ರು, ಕಾಯಿಪಲ್ಲೆ ಏನೂ ಇರಲಿಲ್ರಿ.”

ಸಂಕ್ರಮಣದಲ್ಲಿ! ನಾನು ದಾರ ಕಟ್ಟಿದ್ದು ಸಂಕ್ರಮಣ ಕಳೆದು ಎಷ್ಟೋ ದಿನದ ಮೇಲೆ. ಬಗ್ಗಿ ಐದು ಗಿಡಕ್ಕೆ ದಾರ ಸುತ್ತುವಾಗ ಮಗ ಇದೇ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂತಿದ್ದ. “ಕಾಯಿ ಚಲೋ ಬಿಟ್ಟಾವ ಅವ್ವಾ,” ಎಂದೂ ಅಂದಿದ್ದ. ನಾನು ಹೋಗುವುದಿಲ್ಲವೆಂಬುದು ಅವನಿಗೆ ಗೊತ್ತಿತ್ತು, ಸೊಸೆಗೆ ಗೊತ್ತಿತ್ತು, ಅಂಗಡಿಯವನಿಗೆ ಗೊತ್ತಿತ್ತು. ಬಾಜು ಮನೆಯವಳು ಹಿಟ್ಟಿನಿಂದ ಕಣ್ಣೆತ್ತದೆ ಇದ್ದದ್ದು ಯಾಕೆಂದು ಈಗ ತಿಳಿಯಿತು, ಅವಳಿಗೂ ಗೊತ್ತಿತ್ತು. ನನ್ನೊಬ್ಬಳನ್ನು ಬಿಟ್ಟು ಊರಿಗೆಲ್ಲ ಗೊತ್ತಿತ್ತು. ಬದನೆಕಾಯಿ ಹೋದದ್ದಕ್ಕಿಂತ ನನಗೆ ಉರಿದದ್ದು ಇದು. ಹಸು ಮಾರುವಾಗಲೂ ಅದರ ಮುಂದೆ ಹಿಂಡಿ ಇಟ್ಟು, ಬೆನ್ನು ಸವರಿ ಒಂದು ಮಾತು ಹೇಳುತ್ತೇವೆ.

ಪಡಸಾಲೆಗೆ ಬಂದು ಹೇಳಿದೆ: “ನೀವು ತಿಂದದ್ದು ಯಲ್ಲಮ್ಮನ ಮೀಸಲ.”

ನಾಲ್ಕು ಕೈಗಳೂ ತಟ್ಟೆಯಲ್ಲೇ ನಿಂತವು. ಒಬ್ಬನಿಗೆ ತಕ್ಷಣ ಫೋನು ಬಂತು, ಮಾತಾಡುತ್ತ ಹೊರಗೆ ಹೋದವನು ತಿರುಗಿ ಬರಲಿಲ್ಲ. ಇನ್ನಿಬ್ಬರು ಕೈ ತೊಳೆಯುವ ನೆಪದಲ್ಲಿ ಎದ್ದರು. ಅಂಗಡಿಯವನು ಮಾತ್ರ ಉಳಿದ. ದೇವಿಗೆ ಹೆದರಿದನೋ, ಓಣಿಯಲ್ಲಿ ಸುದ್ದಿಯಾದರೆ ಅಂಗಡಿಗೆ ಯಾರು ಬರುತ್ತಾರೆ ಎಂದು ಹೆದರಿದನೋ.

“ಯವ್ವಾ, ಗೊತ್ತಿರಲಿಲ್ರಿ. ಒಂದು ಬುಟ್ಟಿ ಬದನಿಕಾಯಿ ನವಲಗುಂದದಿಂದ ಈಗಿಂದೀಗ ತರಸ್ತೇನಿ.”

“ಸಂತ್ಯಾಗ ಕೊಂಡದ್ದು ಮೀಸಲ ಆಗತೈತೇನ್? ತಿಂದವನು ದೇವಿ ಹೆಸರಲೆ ಐದು ಮನಿ ಜೋಗ ಬೇಡಿ ಬುಟ್ಟಿ ತುಂಬಬೇಕು. ಬರಿಗಾಲಿಲೆ. ನಮ್ಮತ್ತಿ ಹೇಳಿದ್ದು.”

“ನಾನಾ?”

“ನಾನು ತಿಂದೇನೇನು?”

ಮಗ ನಡುವೆ ಬಂದ. “ಅವ್ವಾ, ಸಣ್ಣ ಮಾತಿಗೆ ಇಷ್ಟ್ಯಾಕ? ಅವರು ದೊಡ್ಡ ಮಂದಿ.”

“ದೊಡ್ಡ ಮಂದಿಗೆ ದೊಡ್ಡ ಬುಟ್ಟಿ ಕೊಡು,” ಎಂದೆ.

ಅಂಗಡಿಯವನು ಹೋದ. ಅದನ್ನು ಒಪ್ಪಬೇಕು. ಬುಟ್ಟಿ ಹಿಡಿದು ಚಪ್ಪಲಿ ಬಿಟ್ಟು ಮನೆಮನೆಯ ಬಾಗಿಲಲ್ಲಿ ನಿಂತು, ಬಾಯಲ್ಲಿ ಬಂದೂ ಬಾರದಂತೆ ಉಧೋ ಅಂದ. ಅವನ ಹಿಂದೆಯೇ ನಾನು ನಡೆದೆ, ಮಧ್ಯೆ ಬುಟ್ಟಿ ಯಾರ ಕೈಗಾದರೂ ದಾಟಿಸಿಬಿಟ್ಟಾನೆಂದು. ಮೊದಲ ಮನೆಯಲ್ಲಿ ಎರಡು ಕಾಯಿ. ಎರಡನೆಯ ಮನೆಯವಳು, “ಏನ್ ಸಾವಕಾರ್‍ರ, ಅಂಗಡಿ ಮುಚ್ಚಿದ್ರೇನು?” ಎಂದು ನಕ್ಕು ಮೂರು ಕೊಟ್ಟಳು. ಐದನೆಯ ಮನೆಗೆ ಬರುವ ಹೊತ್ತಿಗೆ ಹರಳು ಚುಚ್ಚಿ ಕುಂಟುತ್ತಿದ್ದ. ಅವನಿಗೆ ಐವತ್ತು ಕೂಡ ಆಗಿಲ್ಲ. ಬುಟ್ಟಿಯಲ್ಲಿ ಒಟ್ಟು ಹನ್ನೊಂದು ಕಾಯಿ, ಉದ್ದ, ಗುಂಡು, ಬಿಳಿ, ನೇರಳೆ. ಒಂದರಲ್ಲಿ ಹುಳ ಇತ್ತು. ಇರಲಿ. ಬೇಡಿದ್ದನ್ನು ಆರಿಸಬಾರದು. ಒದ್ದೆ ಅರಿವೆಯಲ್ಲಿ ಸುತ್ತಿ ಗಡಿಗೆಯ ತಂಪಿನಲ್ಲಿಟ್ಟೆ.

ಇಷ್ಟಾದ ಮೇಲೆ ಅವನಿಗೆ ಬುದ್ಧಿ ಬಂದೀತು ಎಂದುಕೊಂಡಿದ್ದೆ. ಬುಧವಾರ ಮುಂಜಾನೆ ಬಾಗಿಲಿಗೆ ಬಂದು ಏನೆಂದ ಗೊತ್ತೇ?

“ಆಯಿ, ಎಲ್ಲಾ ಸರಿ ಆತು. ಬುಟ್ಟಿ ಟೆಂಪೋದಾಗ ಮುಂದಿನ ಸೀಟಿನ ಮ್ಯಾಲೆ ಇಡೂಣು. ಬಾಜೂಕ ನೀವು ಕೂಡ್ರಿ. ಬುಟ್ಟಿ ಕಾದಂಗೂ ಆತು, ಕಾಲಿಗೆ ಹಿತಾನೂ ಆತು. ಶುಕ್ರವಾರ ಏಳಕ್ಕ ತಯಾರಿರ್ರಿ.”

ಮಗ ತಲೆ ಆಡಿಸಿದ. ಅಂಗಡಿಯವನು ಹೋದ ಮೇಲೆ ಮಗನನ್ನು ಕೂರಿಸಿಕೊಂಡು ಕೇಳಿದೆ. “ಸಂಕ್ರಮಣದಾಗ ನಿಶ್ಚೇ ಮಾಡಿದ್ದಿ. ನನಗ ಯಾಕ ಹೇಳಲಿಲ್ಲ?”

“ಹೇಳಿದ್ರ ನೀ ಒಪ್ಪತಿದ್ದೇನು?”

“ಇಲ್ಲ.”

“ಮತ್ತ? ನಿನ್ನ ಸಲುವಾಗೇ ಅವ್ವಾ. ಹೋದ ವರ್ಷ ಆ ಫೋಟೋ ನೋಡಿ…”

“ಫೋಟೋದಾಗ ಕುಂತೇನಿ. ಎದ್ದದ್ದನ್ನ ಯಾವಾಗ ನೋಡತಿ?”

ಅವನು ಸೊಸೈಟಿಗೆ ಹೊತ್ತಾಯಿತು ಎಂದು ಎದ್ದ. ನನಗೆ ಹೊಡೆಯುವಷ್ಟು ಸಿಟ್ಟು. ನನ್ನ ಮೊಣಕಾಲು ನನಗೆ ತಿಳಿಯದೇ? ಅದು ಎಲ್ಲಿ ಹಿಡಿಯುತ್ತದೆ, ಎಷ್ಟು ಕೂತರೆ ಬಿಡುತ್ತದೆ, ಎಲ್ಲ ಗೊತ್ತು. ನಡೆಯಲು ಆಗದ ದಿನ ನಾನೇ ಹೇಳುತ್ತೇನೆ. ಆ ಮಾತು ಹೇಳುವ ಬಾಯಿ ನನ್ನದಾಗಿರಬೇಕು. ಮೂರು ಹೊತ್ತು ಉಣ್ಣಿಸುವುದು ಗೌರವವಲ್ಲ, ಕೇಳುವುದು ಗೌರವ.

ಸಮಿತಿ ಹೊರಡುವುದು ಶುಕ್ರವಾರ. ನಾನು ಗುರುವಾರ ಹೊರಟೆ. ಯಾರಿಗೂ ಹೇಳಲಿಲ್ಲ, ಅವರಿಂದಲೇ ಕಲಿತ ಪಾಠ. ಹೊತ್ತು ಮೂಡುವ ಮುಂಚೆ ಮೆಂತ್ಯ ಕಿತ್ತು ಕಟ್ಟು ಕಟ್ಟಿದೆ. ಸಿಹಿ ಮಾದಲಿಯ ಡಬ್ಬಿ, ರೊಟ್ಟಿಗೆ ಹಚ್ಚಿಕೊಳ್ಳಲು ಅಗಸಿ ಹಿಂಡಿ, ಹನ್ನೆರಡು ರೊಟ್ಟಿ ಗಂಟು ಹಾಕಿದೆ. ಉಳಿದ ರೊಟ್ಟಿ ಸಮಿತಿಗೆ ಬಿಟ್ಟೆ, ಉಣ್ಣಲಿ. ಬುಟ್ಟಿ ಎತ್ತಲು ಹೋದರೆ ಅದು ಆಗಲೇ ಸೊಸೆಯ ತಲೆಯ ಮೇಲಿತ್ತು. ಸೀರೆ ಎತ್ತಿ ಕಟ್ಟಿದ್ದಳು.

“ಕೊಯ್ದಾಕಿ ನಾನ್ರಿ ಅತ್ತಿ. ಹೊರೂದೂ ನಾನ.”

“ನಿನ್ನ ಗಂಡಗ?”

“ಚೀಟಿ ಬರದಿಟ್ಟೇನ್ರಿ. ಚಹಾದ ಪುಡಿ ಎಲ್ಲೈತಿ ಅಂತ.”

ಅವಳು ಜನ್ಮದಲ್ಲಿ ಅಷ್ಟು ದೂರ ನಡೆದವಳಲ್ಲ. ಬೇಡ ಎನ್ನಲಿಲ್ಲ. ಅವಳ ಕಾಲಿನ ಸಂಗತಿ ಅವಳಿಗೆ ಗೊತ್ತು.

ಮಧ್ಯಾಹ್ನ ತಿರ್ಲಾಪುರದ ಹೊಲಗಳಲ್ಲಿ ಕೊನೆಯ ಹತ್ತಿ ಬಿಡಿಸುತ್ತಿದ್ದರು. ಹೆಂಗಸರು ನೀರು ಕೊಟ್ಟರು, “ಇಬ್ಬರ ಹೊಂಟೀರಿ?” ಎಂದು ಕೇಳಿದರು. “ಉಳಿದವರು ಸ್ಪೀಕರಿನ ಜೋಡಿ ಬರ್ತಾರ,” ಎಂದೆ. ಸಂಜೆಯ ಹೊತ್ತಿಗೆ ಸೊಸೆಯ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು. ಅರಿಷಿಣ, ಎಣ್ಣೆ ಹಚ್ಚಿದೆ.

ಶುಕ್ರವಾರ ಕಾಲುವೆ ದಂಡೆಗೆ ಬಂದಾಗ ಹಿಂದಿನಿಂದ ಉಧೋ ಉಧೋ ಎಂದು ಗದ್ದಲ ಬಂತು. ಟೆಂಪೋ. ಅದರ ಹಿಂದೆ ನಡೆಯುವವರು ಇನ್ನೂ ಕಣ್ಣಿಗೆ ಬಿದ್ದಿರಲಿಲ್ಲ, ಹರದಾರಿಗಟ್ಟಲೆ ಹಿಂದೆ ಉಳಿದಿದ್ದರು. ಮುಂದಿನ ಸೀಟಿನಲ್ಲಿ ನನಗೆ ಇಟ್ಟಿದ್ದ ಜಾಗದಲ್ಲಿ ಅಂಗಡಿಯವನೇ ಕೂತಿದ್ದ. ಪಾದಯಾತ್ರೆಯ ಮುಖಂಡ!

“ಯಾಕೋ ತಮ್ಮಾ, ಅರವತ್ತೈದು ಆತೇನು?” ಎಂದು ಕೂಗಿದೆ.

“ಊಟದ ವ್ಯವಸ್ಥಾ ನೋಡಾಕ ಮುಂದ ಹೊಂಟೇನ್ರಿ ಆಯಿ! ಕಾಲಾಗ ಹರಳು ಬ್ಯಾರೆ ನಟ್ಟಾವು! ಹತ್ತರ್‍ರಿ!”

“ನೀ ಹತ್ತಿದ್ದ ಸಾಕು.”

ಟೆಂಪೋದ ಹಿಂದುಗಡೆ, ರೊಟ್ಟಿ ಚೀಲಗಳ ನಡುವೆ ನನ್ನ ಬಾಜು ಮನೆಯವಳು ಕೂತಿದ್ದಳು. ನನ್ನನ್ನು ನೋಡಿದ್ದೇ ಎದ್ದು ನಿಂತು, “ತಡೀ ಬೇ, ನಾನೂ ಇಳೀತೇನಿ! ನಿಲ್ಲಸ್ರೋ!” ಎಂದು ಟೆಂಪೋದ ಹಲಗೆ ಬಡಿದಳು. ಸ್ಪೀಕರಿನ ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ. ಟೆಂಪೋ ಹೋಯಿತು. ಧೂಳಿನಲ್ಲಿ ಅವಳ ಕೈ ಮಾತ್ರ ಬಹಳ ಹೊತ್ತು ಕಾಣುತ್ತಿತ್ತು. ಅವಳ ಮೇಲಿದ್ದ ಸಿಟ್ಟು ಅಲ್ಲಿಗೆ ಹೋಯಿತು. ಉಳಿದವರ ಮೇಲಿದ್ದದ್ದು ಹಾಗೇ ಇದೆ.

ಸೊಸೆ ಬೇವಿನ ಗಿಡದ ಹತ್ತಿರ ಬಂದು, “ಅತ್ತಿ, ಸ್ವಲ್ಪ ಕುಂದ್ರೂಣ್ರಿ,” ಎಂದಳು.

ಕೂತೆವು. ಒಂದು ರೊಟ್ಟಿಯಲ್ಲಿ ಅರ್ಧರ್ಧ ತಿಂದೆವು. ಎದ್ದೆವು.

ಗುಡ್ಡದ ಮೇಲೆ ಮೂರು ಕಲ್ಲು ಹೂಡಿ ಅಡುಗೆ ಮಾಡಿದೆವು. ಐದು ಮನೆಯ ಬದನೆಕಾಯಿ ಒಂದೇ ಹದಕ್ಕೆ ಬೇಯುವುದಿಲ್ಲ. ಉದ್ದನೆಯವು ಕರಗಿದವು, ಬಿಳಿಯವು ಗಟ್ಟಿಯಾಗಿ ಉಳಿದವು. ಹೋಳಿಗೆ, ಕಡುಬಿನ ಬಾಜು ಇಟ್ಟೆ, ಮೇಲೆ ಹಿತ್ತಲಿನ ಮೆಂತ್ಯ ಹರಡಿದೆ. ಪಡ್ಡಲಗಿ ತುಂಬಿತು. ಆದರೆ ನಮ್ಮ ಹಿತ್ತಲಿನ ಕಾಯಿ ಇಲ್ಲದೆ ತುಂಬಿದ್ದು ಅದೇ ಮೊದಲು. ಅದನ್ನು ದೇವಿಯ ಎದುರು ಹೇಳಿಯೇ ಬಂದೆ, ಯಾರು ತಿಂದರೆಂಬುದನ್ನೂ ಸೇರಿಸಿ.

ಬರುವಾಗ ಬಸ್ಸಿನಲ್ಲಿ ಬಂದೆವು. ಬರುವುದಕ್ಕೆ ಹರಕೆ ಇಲ್ಲ.

ಮೂರು ವಾರದ ಮೇಲೆ ಗಿಡಗಳು ಮತ್ತೆ ಕಾಯಿ ಬಿಟ್ಟವು. ಒಂದು ಮುಂಜಾನೆ ಮಗ ಹಿತ್ತಲಿನ ಬಾಗಿಲಲ್ಲಿ ನಿಂತು, “ಇವತ್ತ ಎಣ್ಣಿಗಾಯಿ ಮಾಡು,” ಎಂದು ಹೆಂಡತಿಗೆ ಹೇಳುತ್ತಿದ್ದ. ಅವಳು ಒಳಗಿನಿಂದಲೇ, “ಮೊದಲ ಅತ್ತೀನ ಕೇಳ್ರಿ,” ಎಂದಳು. ಅವನು ನನ್ನ ಮುಂದೆ ಬಂದು ನಿಂತ.

“ಅವ್ವಾ, ಬದನಿಕಾಯಿ ಕೊಯ್ಯಲೇನು?”

“ಕೊಯ್ಯಿ,” ಎಂದೆ. “ಬಲಿತು ಹೊಂಟಾವು. ಅದನ್ನೂ ಕೇಳಬೇಕೇನು?”